ಡಿಜಿಟಲ್ ಪಿಯಾನೋದ ಜರ್ರ್ ಸದ್ದಿಗೆ ಫೋಮ್ ಟೇಪೋ, ಬ್ಯೂಟೈಲ್ ಶೀಟೋ?

ಮನೆಯ ಡಿಜಿಟಲ್ ಪಿಯಾನೋ ಜರ್ರ್ ಎನ್ನತೊಡಗಿದರೆ ಅದನ್ನು ಅಡಗಿಸಲು ಅಂಗಡಿಯಲ್ಲಿ ಸಿಗುವ ವಸ್ತುಗಳು ಮುಖ್ಯವಾಗಿ ನಾಲ್ಕು: ಅಂಟಿರುವ ಫೋಮ್ ಟೇಪ್, ಫೆಲ್ಟ್, ಕಾರಿನ ಬಾಗಿಲ ಒಳಗೆ ಹಾಕುವ ಬ್ಯೂಟೈಲ್ ಶೀಟ್, ಕಾಲಿನಡಿ ಇಡುವ ರಬ್ಬರ್ ಅಥವಾ ಸೋರ್ಬೋಥೇನ್ (ಕಂಪನ ಹೀರುವ ಮೆತ್ತನೆಯ ಪ್ಲಾಸ್ಟಿಕ್) ಪ್ಯಾಡ್. ನಾಲ್ಕೂ ಒಳ್ಳೆಯವೇ, ಆದರೆ ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ದುಡ್ಡು ದಂಡವಾಗುವುದು ಇಲ್ಲೇ.

ಏನನ್ನೂ ಕೊಳ್ಳುವ ಮೊದಲು ಅರ್ಧ ಗಂಟೆ ಹುಡುಕಾಟಕ್ಕೆ ಕೊಡಿ. ಮೊದಲು ಹೆಡ್‌ಫೋನ್ ಹಾಕಿ ಅದೇ ಸ್ವರ ನುಡಿಸಿ. ಸದ್ದು ಅಲ್ಲೂ ಕೇಳಿದರೆ ಅದು ಕಂಪನವಲ್ಲ. ಡ್ಯಾಂಪರ್ ರೆಸೊನೆನ್ಸ್, ಸ್ಟ್ರಿಂಗ್ ರೆಸೊನೆನ್ಸ್ ಎಂದು ತಯಾರಕರೇ ಬೇಕೆಂದು ಸೇರಿಸಿದ ಅನುರಣನ ಇರಬಹುದು. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ ನೋಡಿ. ಹೆಡ್‌ಫೋನ್‌ನಲ್ಲಿ ಕೇಳದಿದ್ದರೆ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಪಿಯಾನೋ ಬದಲು ಆರ್ಗನ್ ಧ್ವನಿ ಆರಿಸಿ, ಎಡತುದಿಯಿಂದ ಒಂದೊಂದೇ ಕೀ ಒತ್ತಿ ಹಿಡಿಯುತ್ತಾ ಬನ್ನಿ. ಪಿಯಾನೋ ಸ್ವರ ಒತ್ತಿದ ಕೂಡಲೇ ಇಳಿಯತೊಡಗುತ್ತದೆ. ಆರ್ಗನ್ ಸ್ವರ ಬೆರಳಿರುವಷ್ಟು ಹೊತ್ತೂ ನಿಲ್ಲುವುದರಿಂದ ಇನ್ನೊಂದು ಕೈಯಿಂದ ಒಂದೊಂದು ಭಾಗವನ್ನೂ ಒತ್ತಿ ಪರೀಕ್ಷಿಸಬಹುದು. ಕೈಯಿಟ್ಟಲ್ಲಿ ಸದ್ದು ನಿಂತರೆ ಕಳ್ಳ ಸಿಕ್ಕಂತೆ.

ಟ್ರಾನ್ಸ್‌ಪೋಸ್ ಗುಂಡಿಯೂ, ಅಂದರೆ ಎಲ್ಲ ಕೀಗಳ ಶ್ರುತಿಯನ್ನು ಒಟ್ಟಿಗೆ ಏರಿಸುವ-ಇಳಿಸುವ ಗುಂಡಿಯೂ, ಇಲ್ಲಿ ಬಹಳ ಉಪಯೋಗಿ. ಎಡಭಾಗದ ಎ2 ಎಂಬ ಕೀ, ಅಂದರೆ 110 ಹರ್ಟ್ಸ್ (ಸೆಕೆಂಡಿಗೆ 110 ಕಂಪನ), ಒತ್ತಿದಾಗ ಸದ್ದು ಬರುತ್ತಿದೆ ಎಂದುಕೊಳ್ಳಿ. ಟ್ರಾನ್ಸ್‌ಪೋಸ್ ಅನ್ನು ಅರ್ಧ ಸ್ವರ ಏರಿಸಿ. ಸದ್ದು ಎಡಗಡೆಯ ಪಕ್ಕದ ಕೀಗೆ ಸರಿದರೆ 110 ಹರ್ಟ್ಸ್‌ಗೆ ಯಾವುದೋ ಭಾಗ ಅದುರುತ್ತಿದೆ. ಅದೇ ಕೀಯಲ್ಲೇ ಉಳಿದರೆ ದೋಷ ಆ ಕೀಯ ಯಂತ್ರದಲ್ಲಿದೆ, ಸ್ಪೀಕರ್ ಸುತ್ತ ಎಷ್ಟು ಫೋಮ್ ಅಂಟಿಸಿದರೂ ಹೋಗದು.

ಪಿಯಾನೋ ಒಂದನ್ನೇ ದೂರಬೇಡಿ. ಷೋಕೇಸಿನ ಗಾಜು, ಗೋಡೆಯ ಫೋಟೋ ಫ್ರೇಮು, ಟ್ಯೂಬ್‌ಲೈಟ್ ಪಟ್ಟಿ, ಮೇಲಿಟ್ಟ ಪೆನ್ಸಿಲ್ ಡಬ್ಬಿ ಎಲ್ಲವೂ ಒಂದೊಂದು ಸ್ವರಕ್ಕೆ ಓಗೊಡುತ್ತವೆ. ಅಡಾಪ್ಟರಿನ ವೈರು ಹಿಂದಿನ ಹಲಗೆಗೆ ತಾಗುತ್ತಿದ್ದರೂ ಸಾಕು.

ಇನ್ನು ವಸ್ತುಗಳ ವಿಚಾರ. ಒಂದನ್ನೇ ಕೊಳ್ಳುವುದಾದರೆ 3 ಮಿ.ಮೀ. ದಪ್ಪ, 10 ಮಿ.ಮೀ. ಅಗಲದ ಇವಿಎ ಅಥವಾ ನಿಯೋಪ್ರೀನ್ ಫೋಮ್ ಟೇಪ್ ಕೊಳ್ಳಿ. ಎರಡು ಗಟ್ಟಿ ಭಾಗಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುವ ಕಡೆಗೆಲ್ಲ ಇದೇ ಮದ್ದು: ಸ್ಪೀಕರ್ ಜಾಲರಿ ಮತ್ತು ಚೌಕಟ್ಟಿನ ನಡುವೆ, ಮೇಲಿನ ಮತ್ತು ಕೆಳಗಿನ ಕವಚ ಕೂಡುವಲ್ಲಿ, ಸ್ಟ್ಯಾಂಡಿನ ಮೇಲೆ ಪಿಯಾನೋ ಕೂರುವಲ್ಲಿ. ಒತ್ತಿದಾಗ ಫೋಮ್ ಅರ್ಧದಷ್ಟು ಅಮುಕಬೇಕು. ಇನ್ನೂ ದಪ್ಪನೆಯದನ್ನು ತುರುಕಿದರೆ ಕವಚ ಸರಿಯಾಗಿ ಕೂರದೆ ಇನ್ನೊಂದು ಕಡೆ ಸಂದು ಬಿಟ್ಟು ಹೊಸ ಸದ್ದು ಹುಟ್ಟುತ್ತದೆ. ಬೆರಳಿಗೆ ಸ್ಪಂಜಿನಂತೆ ಹತ್ತುವ ಅಗ್ಗದ ಪಿಯು ಫೋಮ್ ಬೇಡ. ನಮ್ಮ ಕರಾವಳಿ, ಮಲೆನಾಡಿನ ತೇವಕ್ಕೆ ಅದು ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಕೀಗಳ ಸಂದಿಗೆ ಉದುರುತ್ತದೆ.

ಫೆಲ್ಟ್‌ಗೆ ಇರುವುದು ಚಿಕ್ಕ ಪಾತ್ರ. ನೋಟ್ಸ್ ಸ್ಟ್ಯಾಂಡ್ ಕೂರುವ ಸೀಳು, ಮುಚ್ಚಳದ ಅಂಚು, ಇಷ್ಟೇ. ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟನ್ನೇ ಪಟ್ಟಿಯಾಗಿ ಕತ್ತರಿಸಿದರೆ ಸಾಕು.

ಅಂಟಿಸುವುದಕ್ಕಿಂತ ಮುಂಚೆ ಸ್ಕ್ರೂಗಳನ್ನು ನೋಡಲೇಬೇಕು. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅಡಾಪ್ಟರ್ ತೆಗೆದು, ಹಾಸಿಗೆಯ ಮೇಲೆ ಎರಡು ತುದಿಗೆ ಮಡಿಸಿದ ಟವೆಲ್ ಇಟ್ಟು, ಕೀಗಳ ಮೇಲೂ ವಾಲ್ಯೂಮ್ ಗುಂಡಿಯ ಮೇಲೂ ಭಾರ ಬೀಳದಂತೆ ಪಿಯಾನೋವನ್ನು ಮಗುಚಿ. ಪ್ಲಾಸ್ಟಿಕ್‌ಗೆ ಇಳಿಯುವ ಸ್ಕ್ರೂವನ್ನು ನೇರವಾಗಿ ಬಿಗಿಯಬಾರದು. ಮೊದಲು ಮೆಲ್ಲಗೆ ಎಡಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಟಿಕ್ ಎಂದು ಸ್ಕ್ರೂ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಹಳೆಯ ಥ್ರೆಡ್ ಸಿಕ್ಕಿತು ಎಂದರ್ಥ. ಆಮೇಲೆ ಬಲಕ್ಕೆ ತಿರುಗಿಸಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಡ್ರಿಲ್ ಮೆಷಿನ್ ಹಚ್ಚಿದರೆ ಥ್ರೆಡ್ ಕಿತ್ತುಬಂದು ಆ ಜಾಗ ಶಾಶ್ವತವಾಗಿ ಸಡಿಲ. ಸ್ಪೀಕರಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಮರದ ಸ್ಟ್ಯಾಂಡಿನ ಪಾರ್ಟಿಕಲ್ ಬೋರ್ಡಿನಲ್ಲಿ ತೂತು ದೊಡ್ಡದಾಗಿದ್ದರೆ ಬೆಂಕಿಕಡ್ಡಿಗೆ ಫೆವಿಕಾಲ್ ಸವರಿ ತುಂಬಿ, ಒಂದು ರಾತ್ರಿ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ.

ಒಂದು ಎಚ್ಚರಿಕೆ. ಯಮಾಹಾ ಪಿ-45ರಂಥ, ಹೊರಗಿನ 12 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುವ ಪಿಯಾನೋ ಬೇರೆ, 230 ವೋಲ್ಟ್ ನೇರವಾಗಿ ಒಳಕ್ಕೆ ಹೋಗುವ ದೊಡ್ಡ ಕ್ಯಾಬಿನೆಟ್ ಪಿಯಾನೋ ಬೇರೆ. ಎರಡನೆಯದರ ಒಳಭಾಗವನ್ನು ಮನೆಯಲ್ಲಿ ಬಿಚ್ಚಬೇಡಿ. ವಾರಂಟಿ ಇರುವ ಯಾವುದನ್ನೂ ಬಿಚ್ಚಬೇಡಿ.

ಬ್ಯೂಟೈಲ್ ಶೀಟ್ ನಿಜಕ್ಕೂ ಗೆಲ್ಲುವುದು ತೆಳ್ಳಗಿನ, ಅಗಲವಾದ ಹಲಗೆಯ ಮೇಲೆ. ಕ್ಯಾಬಿನೆಟ್ ಪಿಯಾನೋದ ಹಿಂಬದಿಯ ಹಾರ್ಡ್‌ಬೋರ್ಡನ್ನು ಬೆರಳಿನ ಗೆಣ್ಣಿಂದ ತಟ್ಟಿ ನೋಡಿ: ಡಬ್ ಎಂದು ಡೋಲಿನಂತೆ ನುಡಿದರೆ ಅದಕ್ಕೆ ಬ್ಯೂಟೈಲ್ ಬೇಕು. 2 ಮಿ.ಮೀ. ದಪ್ಪ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವುದೇ ಆಗಬೇಕು. ಹಲಗೆ ಬಾಗುವಾಗ ಮಧ್ಯದ ಮೆತ್ತನೆಯ ಪದರ ಎರಡು ಗಟ್ಟಿ ಪದರಗಳ ನಡುವೆ ಎಳೆದಾಡಿ ಕಂಪನದ ಶಕ್ತಿಯನ್ನು ನುಂಗುತ್ತದೆ. ಮೇಲಿನ ಹಾಳೆ ಇಲ್ಲದಿದ್ದರೆ ಉಳಿಯುವುದು ಬಹುತೇಕ ತೂಕ ಮಾತ್ರ. ಇಡೀ ಹಲಗೆ ಮುಚ್ಚುವುದು ವ್ಯರ್ಥ, ಹಲಗೆಯ ನಡುವೆ ಅದರ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಮುಚ್ಚಿದರೆ ಸಾಕು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅಂಟಿಸಿ, ಲಟ್ಟಣಿಗೆಯಿಂದ ಬಲವಾಗಿ ಉಜ್ಜಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ವಿಚಾರಿಸಿ. ಡಾಂಬರಿನ ಅಗ್ಗದ ಶೀಟ್ ಕೊಟ್ಟರೆ ಬೇಡ ಎನ್ನಿ: ಕೋಣೆ ತುಂಬ ವಾಸನೆ, ಬೇಸಿಗೆಯಲ್ಲಿ ಮೆತ್ತಗಾಗಿ ಜಾರುತ್ತದೆ.

ಆ ಅಲ್ಯೂಮಿನಿಯಂ ಹಾಳೆಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಮರೆಯಬಾರದು. ಸರ್ಕ್ಯೂಟ್ ಬೋರ್ಡಿನ ಹತ್ತಿರ ಅಂಟಿಸಿದ ತುಂಡು ಕಳಚಿ ಬಿದ್ದರೆ ಶಾರ್ಟ್ ಆಗಿ ಬೋರ್ಡೇ ಹೋಗಬಹುದು. ಗಾಳಿಯಾಡುವ ತೂತುಗಳನ್ನೂ, ಸ್ಪೀಕರ್ ಪೆಟ್ಟಿಗೆಯಿಂದ ಗಾಳಿ ಹೊರಡುವ ಪೋರ್ಟ್ ಎಂಬ ಕಂಡಿಯನ್ನೂ ಮುಚ್ಚಬೇಡಿ.

ಪ್ಯಾಡ್‌ಗಳ ಬಗ್ಗೆ ನಿರಾಸೆಯ ಮಾತೇ ಹೇಳಬೇಕು. ಮೆತ್ತನೆಯ ವಸ್ತು ಕಂಪನ ತಡೆಯಬೇಕಾದರೆ ಭಾರಕ್ಕೆ ತಕ್ಕಷ್ಟು ಕುಗ್ಗಬೇಕು. ಪಿ-45ರ ತೂಕ 11.5 ಕೆ.ಜಿ.; ನಾಲ್ಕು ಪ್ಯಾಡಿಗೆ ಹಂಚಿದರೆ ಒಂದರ ಮೇಲೆ 3 ಕೆ.ಜಿ.ಯೂ ಇಲ್ಲ. ವಾಷಿಂಗ್ ಮೆಷಿನ್ನಿಗೆಂದು ಮಾಡಿದ ರಬ್ಬರ್ ಪ್ಯಾಡ್ ಅಷ್ಟು ಭಾರಕ್ಕೆ ಜಗ್ಗುವುದೇ ಇಲ್ಲ. ದುಬಾರಿ ಸೋರ್ಬೋಥೇನ್ ಕೂಡ ತೂಕಕ್ಕೆ ಹೊಂದುವ ಅಳತೆಯದಾದರೆ ಮಾತ್ರ ಫಲ. ಸ್ಟ್ಯಾಂಡಿನಡಿಯ ಪ್ಯಾಡ್ ಕೆಳಮನೆಗೆ ಕೇಳುವ ಕೀ ಬಡಿತವನ್ನು ತಗ್ಗಿಸಬಲ್ಲದು, ಕವಚದೊಳಗಿನ ಜರ್ರ್ ಅನ್ನು ಅಲ್ಲ. ಸ್ಪೀಕರ್ ಕೆಳಮುಖವಾಗಿರುವ ಪಿಯಾನೋವನ್ನು ಮೇಜಿನ ಮೇಲೆ ಇಟ್ಟಿದ್ದರೆ ಹಳೆಯ ಯೋಗ ಮ್ಯಾಟಿನ ತುಂಡುಗಳನ್ನು ಪೇರಿಸಿ 2-3 ಸೆಂ.ಮೀ. ಎತ್ತರಿಸಿ, ಸ್ವರ ತಿಳಿಯಾಗುವುದು ತಕ್ಷಣ ಗೊತ್ತಾಗುತ್ತದೆ. ಯಮಾಹಾ ಪಿ-125ರಲ್ಲಿ ಮೇಜಿನ ಬಳಕೆಗೆಂದೇ ಟೇಬಲ್ ಇಕ್ಯೂ ಸೆಟ್ಟಿಂಗ್ ಇದೆ, ಅದನ್ನು ಬಳಸಿ.

ಜರ್ರ್ ಇಲ್ಲದೆ ಒಂದೆರಡು ಸ್ವರ ಮಾತ್ರ ಗುಂಯ್ ಎಂದು ಉಬ್ಬುತ್ತಿದ್ದರೆ ಕೋಣೆಯತ್ತ ನೋಡಿ. ಎದುರುಬದುರು ಗೋಡೆಗಳ ಅಂತರ 10 ಅಡಿ ಇದ್ದರೆ ಆ ಕೋಣೆ ಸುಮಾರು 56 ಹರ್ಟ್ಸ್‌ಗೂ ಅದರ ಇಮ್ಮಡಿಯಾದ 112ಕ್ಕೂ ಮಿಡಿಯುತ್ತದೆ. ಪಿ-45ರಂಥ ಪಿಯಾನೋದ 12 ಸೆಂ.ಮೀ. ಸ್ಪೀಕರಿನಿಂದ 56 ಅಷ್ಟಾಗಿ ಹೊರಡದು. 112 ಚೆನ್ನಾಗಿಯೇ ಹೊರಡುತ್ತದೆ, ಆದ್ದರಿಂದ ಎ2 ಸುತ್ತಲಿನ ಕೀಗಳು ಉಬ್ಬುತ್ತವೆ. ಇದಕ್ಕೆ ಯಾವ ಟೇಪೂ ಬೇಡ. ಪಿಯಾನೋವನ್ನು ಮೂಲೆಯಿಂದ ಹೊರಗೆ ತನ್ನಿ, ಗೋಡೆಯಿಂದ ಒಂದಡಿ ಮುಂದೆ ಎಳೆದು ಮತ್ತೆ ನುಡಿಸಿ ನೋಡಿ.

ಎಲ್ಲ ಸ್ವರಕ್ಕೂ, ಸಣ್ಣ ವಾಲ್ಯೂಮಿನಲ್ಲೂ ಕೆರೆದಂತೆ ಕೇಳಿದರೆ ಸ್ಪೀಕರ್ ಕೋನಿನ ನಡುವಿನ ಗುಮ್ಮಟದ ಎರಡು ಬದಿಗೆ ಬೆರಳಿಟ್ಟು ಸಮನಾಗಿ, ಹಗುರವಾಗಿ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನನ್ನು ಅದುರಿಸುವ ತಂತಿಸುರುಳಿ) ಓರೆಯಾಗಿದೆ. ಹಿಂಬದಿಯಲ್ಲಿ ಬರೆದಿರುವ ಓಮ್ ಮತ್ತು ವ್ಯಾಟ್ ಗುರುತು ಹಾಕಿಕೊಂಡು, ಅದೇ ಅಳತೆಯ ಹೊಸ ಸ್ಪೀಕರ್ ಹಾಕಿಸಿ.