ನಾನ್‌ಲೋಕಲ್ ಇಲ್ಲದ ಪೈಥಾನ್‌ನಲ್ಲಿ ತೊಗರಿಯ ಲೆಕ್ಕ

ಕಲಬುರಗಿಯ ಗಂಜ್‌ನ ಅಡತಿ ಅಂಗಡಿಯೊಂದರ ತೂಕದ ಲೆಕ್ಕಕ್ಕೆ ನಾನು ಬರೆದ ಪ್ರೋಗ್ರಾಮ್ ಇಂದಿಗೂ ಪೈಥಾನ್ ಭಾಷೆಯ ಹಳೆಯ ಆವೃತ್ತಿ 2.7ರಲ್ಲೇ ಓಡುತ್ತಿದೆ. ಆ ಆವೃತ್ತಿಗೆ 2020ರ ಜನವರಿ 1ಕ್ಕೇ ಬೆಂಬಲ ನಿಂತುಹೋಯಿತು, ಗೊತ್ತು. ಆದರೆ ಎಲೆಕ್ಟ್ರಾನಿಕ್ ತಕ್ಕಡಿಯ ಜೊತೆ ಬಂದ ಮಾಡ್ಯೂಲ್ (ತೂಕವನ್ನು ಪ್ರೋಗ್ರಾಮ್‌ಗೆ ತಲುಪಿಸುವ ಸಿದ್ಧ ಕೋಡ್) 2.7ಕ್ಕೆಂದೇ ಕಂಪೈಲ್ ಆದದ್ದು, ಪೈಥಾನ್ 3ರಲ್ಲಿ ಓಡದು. ಅದರ ಮೂಲ ಕೋಡ್ ಕೇಳೋಣವೆಂದರೆ ಮಾರಿದವರು ಫೋನ್ ಎತ್ತುವುದಿಲ್ಲ.

ಚೀಲ ತಕ್ಕಡಿಯ ಮೇಲೆ ಕುಳಿತಾಗಲೆಲ್ಲ ಮಾಡ್ಯೂಲ್ ನನ್ನ ಫಂಕ್ಷನ್ ಅನ್ನು, ಅಂದರೆ ಹೆಸರಿಟ್ಟ ಕೋಡ್ ತುಂಡನ್ನು, ಕರೆಯುತ್ತದೆ. ಅದನ್ನು ಇನ್ನೊಂದು ಫಂಕ್ಷನ್‌ನ ಒಳಗೆ ಬರೆದಿದ್ದೆ. ಹೊರಗಿನ ಫಂಕ್ಷನ್‌ನಲ್ಲಿ ‘ಮೊತ್ತ = 0’, ಒಳಗಿನದರಲ್ಲಿ ‘ಮೊತ್ತ += ತೂಕ’ ಎಂದು ಬರೆದೆ. ಮೊದಲ ಚೀಲಕ್ಕೇ ಅನ್‌ಬೌಂಡ್‌ಲೋಕಲ್‌ಎರರ್, ಅಂದರೆ ಬೆಲೆ ಸಿಗುವ ಮೊದಲೇ ಹೆಸರನ್ನು ಓದಿದ ದೋಷ. ಫಂಕ್ಷನ್‌ನೊಳಗೆ ಯಾವ ಹೆಸರಿಗೆ ಬೆಲೆ ಕೊಟ್ಟರೂ ಅದು ಆ ಫಂಕ್ಷನ್‌ನ ಸ್ವಂತದ್ದು ಎಂದು ಪೈಥಾನ್ ತಿಳಿಯುತ್ತದೆ. ಹೊರಗಿನ ಮೊತ್ತವನ್ನು ಓದಬಹುದು, ಬದಲಿಸುವಂತಿಲ್ಲ. ಬದಲಿಸಲು ಬಿಡುವ ‘ನಾನ್‌ಲೋಕಲ್’ ಎಂಬ ಪದ ಪೈಥಾನ್ 3ರಲ್ಲಿದೆ, 2.7ರಲ್ಲಿಲ್ಲ. (ಕನ್ನಡದ ಹೆಸರುಗಳು ನಿಮ್ಮ ಓದಿಗಾಗಿ ಮಾತ್ರ. 2.7 ಅವನ್ನೂ ಒಪ್ಪುವುದಿಲ್ಲ, ಪೈಥಾನ್ 3 ಒಪ್ಪುತ್ತದೆ.)

ಅವಸರದಲ್ಲಿ ‘ಗ್ಲೋಬಲ್’ ಹಾಕಿ ಇಡೀ ಪ್ರೋಗ್ರಾಮ್‌ಗೆ ಒಂದೇ ಮೊತ್ತ ಮಾಡಿದೆ. ಒಂದೇ ತಕ್ಕಡಿ ಇದ್ದಷ್ಟು ದಿನ ಚೆನ್ನಾಗಿಯೇ ನಡೆಯಿತು. ತೊಗರಿಯ ಆವಕ ಹೆಚ್ಚಿದಾಗ ಎರಡನೆಯದನ್ನು ಜೋಡಿಸಿದೆವು. ಅಂದು ಸಂಜೆ ಮುನೀಮರು ಚೀಟಿ ಹಿಡಿದುಕೊಂಡು ಬಂದರು: “ತಮ್ಮಾ, ಇವರು ತಂದದ್ದು ಹನ್ನೆರಡೇ ಚೀಲ. ಹದಿನಾಲ್ಕು ಕ್ವಿಂಟಲ್ ಹೇಗಾಯಿತು?” ಪಕ್ಕದ ತಕ್ಕಡಿಯ ರೈತರ ತೊಗರಿಯೂ ಅದೇ ಮೊತ್ತಕ್ಕೆ ಬಂದು ಬಿದ್ದಿತ್ತು. ಅಂದಿನ ಚೀಟಿಗಳನ್ನೆಲ್ಲ ಕೈಯಿಂದ ಮತ್ತೆ ಬರೆದೆವು.

ಮುಂದಿನದು ಹಳಬರ ಉಪಾಯ: ಒಂದೇ ಅಂಶದ ಲಿಸ್ಟ್. ‘ಮೊತ್ತ = [0]’ ಎಂದಿಟ್ಟು ಒಳಗೆ ‘ಮೊತ್ತ[0] += ತೂಕ’. ಇಲ್ಲಿ ಹೆಸರು ಕದಲುವುದಿಲ್ಲ, ಡಬ್ಬಿಯೊಳಗಿನ ಸರಕು ಮಾತ್ರ ಬದಲಾಗುತ್ತದೆ, ಹಾಗಾಗಿ ಪೈಥಾನ್‌ನ ತಕರಾರಿಲ್ಲ. ಹೊರಗಿನ ಫಂಕ್ಷನ್ ಕರೆದಷ್ಟು ಸಲ ಹೊಸ ಲಿಸ್ಟ್ ಹುಟ್ಟುವುದರಿಂದ ತಕ್ಕಡಿಗಳೂ ಬೇರೆಬೇರೆಯಾದವು. ನೋಡಲು ಕುರೂಪ, ಆದರೆ ನಂಬಿಕಸ್ಥ. ಚೀಲಗಳ ಸಂಖ್ಯೆಯೂ ಬೇಕು, ಖಾಲಿ ಚೀಲದ ತೂಕವನ್ನೂ ಕಳೆಯಬೇಕು ಎಂದು ಮುನೀಮರು ಕೇಳಿದ ಮೇಲೆ ಕೆಟ್ಟಿತು. ಲಿಸ್ಟ್‌ನ ಸೊನ್ನೆಯ ಸ್ಥಾನದಲ್ಲಿ ಯಾವುದಿದೆ, ಒಂದರ ಸ್ಥಾನದಲ್ಲಿ ಯಾವುದಿದೆ ಎಂದು ನಾನೇ ಮರೆತು, ಗೋಣಿಯ ತೂಕವನ್ನು ಚೀಲಗಳ ಎಣಿಕೆಯಿಂದ ಕಳೆದುಬಿಟ್ಟಿದ್ದೆ.

ಫಂಕ್ಷನ್‌ಗೇ ಗುಣ ಅಂಟಿಸುವ ‘ಕೂಡು.ಮೊತ್ತ’ ಕ್ರಮವನ್ನು ಎರಡು ದಿನ ನೋಡಿದೆ. ಫಂಕ್ಷನ್‌ನ ಹೆಸರು ಬದಲಿಸಿದರೆ ಒಳಗೂ ಹುಡುಕಿ ಬದಲಿಸಬೇಕು. ಬೇಡವೆನಿಸಿತು.

ಕೊನೆಗೆ ಉಳಿದದ್ದು ಕ್ಲಾಸ್, ಅಂದರೆ ಅಂಕಿಗಳನ್ನೂ ಅವುಗಳ ಕೆಲಸವನ್ನೂ ಒಟ್ಟಿಗೆ ಇಡುವ ಅಚ್ಚು. ತಕ್ಕಡಿಗೊಂದು ವಸ್ತು, ‘ಸೆಲ್ಫ್.ಮೊತ್ತ’, ‘ಸೆಲ್ಫ್.ಚೀಲ’, ‘ಸೆಲ್ಫ್.ಗೋಣಿ’. ಮೂರು ಸಾಲಿನ ಕೆಲಸ ಹದಿನೈದು ಸಾಲಾಯಿತು, ಆದರೆ ಆರು ತಿಂಗಳ ಬಳಿಕ ತೆರೆದರೂ ಓದಿದೊಡನೆ ತಿಳಿಯುತ್ತದೆ. ಒಂದೇ ಅಂಕಿಯ ಲೆಕ್ಕವಾದರೆ ನಾನು ಈಗಲೂ ಲಿಸ್ಟನ್ನೇ ಹಾಕುತ್ತೇನೆ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ 3ರ ‘ನಾನ್‌ಲೋಕಲ್ ಮೊತ್ತ’ವನ್ನೂ ಪರೀಕ್ಷಿಸಿದೆ. 2008ರಲ್ಲಿ 3.0 ಜೊತೆಗೇ ಬಂದ ಸೌಲಭ್ಯವಿದು. ಒಂದು ಸಾಲು ಸೇರಿಸಿದರೆ ಸಾಕು. ಹೊರಗಿನ ಫಂಕ್ಷನ್‌ನಲ್ಲಿ ಆ ಹೆಸರೇ ಇಲ್ಲದಿದ್ದರೆ ಪ್ರೋಗ್ರಾಮ್ ಓಡುವ ಮೊದಲೇ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಅಂದರೆ ಕಾಗುಣಿತದ ತಪ್ಪು ರೈತರ ಚೀಟಿಯವರೆಗೆ ಹೋಗುವುದಿಲ್ಲ. ಇದರ ಮುಂದೆ ಉಳಿದ ನಾಲ್ಕೂ ತೇಪೆಗಳೇ. ತಕ್ಕಡಿ ಮಾರಿದವರಿಗೆ ಮೊನ್ನೆಯೂ ಫೋನ್ ಮಾಡಿದ್ದೆ.