ತೋಟದ ಜನರೇಟರ್ ಸದ್ದು ಅಳೆಯಲು ಕೈ ಸೌಂಡ್ ಮೀಟರ್: ಕ್ಯಾಲಿಬ್ರೇಟರ್ ಜೊತೆಗಿದ್ದರೆ ಮಾತ್ರ ಕೊಳ್ಳಿ

ಮೂಡಿಗೆರೆ, ಆಲ್ದೂರು ಕಡೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮನೆಯ ಜನರೇಟರ್ ಎಷ್ಟು ಸದ್ದು ಮಾಡುತ್ತದೆ ಎಂದು ತಿಳಿಯಲು 9 ವೋಲ್ಟ್ ಬ್ಯಾಟರಿಯ, 30ರಿಂದ 130 ಡೆಸಿಬೆಲ್ ತೋರಿಸುವ ಮಾಮೂಲಿ ಕೈ ಮೀಟರ್, ಲೋಡು ಒಂದೇ ಸಮನಿದ್ದರೆ, ಸಾಕು. ಮೊಬೈಲ್ ಆ್ಯಪ್ ಈ ಕೆಲಸಕ್ಕೆ ಬೇಡ. ಫೋನಿನ ಮೈಕು ಮಾತಿಗೆಂದು ಮಾಡಿದ್ದು, ಜೋರು ಸದ್ದಿಗೆ ಸೋತುಬಿಡುತ್ತದೆ.

ಮೀಟರ್ ಸರಿ ತೋರಿಸುತ್ತಿದೆಯೇ ಎಂದು ನೋಡುವ ಸಾಧನ, ಕ್ಯಾಲಿಬ್ರೇಟರ್, ಮಾತ್ರ ಬೇಕೇ ಬೇಕು. ಅದು 1000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್ ಕೂಗುತ್ತದೆ. ಮೈಕಿನ ಮೇಲೆ ಕೂರಿಸಿ, ಮೀಟರಿನ ಪಕ್ಕದ ಸಣ್ಣ ತೂತಿನೊಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ 94.0ಕ್ಕೆ ತನ್ನಿ. ರಬ್ಬರ್ ರಿಂಗ್ ಸಡಿಲವಾಗಿದ್ದರೆ ಗಾಳಿ ಸೋರಿ ಅಂಕಿ ಕಡಿಮೆ ಬರುತ್ತದೆ. ಅದನ್ನು ನಂಬಿ ಸ್ಕ್ರೂ ತಿರುಗಿಸಿದರೆ ಮುಂದಿನ ಅಳತೆಯೆಲ್ಲ ಹೆಚ್ಚಾಗಿ ಬರುತ್ತದೆ.

ಮೀಟರ್ ತೋರಿಸುವುದು ನಿಂತ ಜಾಗದ ಸದ್ದನ್ನು. ಯಂತ್ರ ಹೊರಬಿಡುವ ಒಟ್ಟು ಸದ್ದಿಗೆ ಲೆಕ್ಕ ಬೇರೆ. 1 ಮೀಟರ್ ಉದ್ದ, 0.6 ಅಗಲ, 0.7 ಎತ್ತರದ ಜನರೇಟರ್ ಎನ್ನಿ. ನಾಲ್ಕು ಮಗ್ಗುಲು ಮತ್ತು ಮೇಲೆ, ಒಂದೊಂದು ಮೀಟರ್ ಬಿಟ್ಟು ಐದು ಕಡೆ ಮೀಟರನ್ನು 'ಎ' (ಕಿವಿಗೆ ಕೇಳುವಂತೆ ತೂಗುವ) ಮತ್ತು 'ಸ್ಲೋ' (ಅಂಕಿ ನಿಧಾನವಾಗಿ ಬದಲಾಗುವ) ಆಯ್ಕೆಗೆ ಇಟ್ಟು ಅಳೆಯಿರಿ. ಈ ಐದು ಜಾಗಗಳನ್ನು ಮುಟ್ಟುವ ಒಂದು ಪೆಟ್ಟಿಗೆ ಕಲ್ಪಿಸಿಕೊಂಡರೆ, ನೆಲದ ಕಡೆ ಬಿಟ್ಟು ಅದರ ಮೈ 26.84 ಚದರ ಮೀಟರ್. ಲಾಗ್ ತೆಗೆದು ಹತ್ತರಿಂದ ಗುಣಿಸಿದರೆ 14.3. ಐದು ಅಂಕಿಗಳ ಸರಾಸರಿ 82 ಬಂದರೆ, ಅದಕ್ಕೆ ಇದನ್ನು ಕೂಡಿ, ಯಂತ್ರದ ಒಟ್ಟು ಸದ್ದು ಸುಮಾರು 96. ತೆರೆದ ಬಯಲಲ್ಲಿ 50 ಮೀಟರ್ ಆಚೆಯ ಮನೆಗೆ ಅದು 54ರ ಹತ್ತಿರ ಮುಟ್ಟುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45! ಒಂದೇ ಕಡೆ ನಿಂತು ಅಳೆದವರಿಗೆ ಇದು ಗೊತ್ತೇ ಆಗುವುದಿಲ್ಲ.

ಡೆಸಿಬೆಲ್ ಲಾಗ್ ಲೆಕ್ಕದ ಅಂಕಿ, ಹಾಗಾಗಿ ಸರಾಸರಿಗೆ ಸುಮ್ಮನೆ ಕೂಡಿ ಭಾಗಿಸಬೇಡಿ. 80 ಮತ್ತು 90ರ ಸರಾಸರಿ 85 ಅಲ್ಲ, 87.4.

ಸಂಜೆ ಜೀರುಂಡೆ ಶುರುವಾದ ಮೇಲೆ ಅಳೆಯಬೇಡಿ. ಯಂತ್ರ ನಿಲ್ಲಿಸಿ ಸುತ್ತಲಿನ ಸದ್ದು ನೋಡಿಕೊಳ್ಳಿ: ಅಂತರ 10 ಡೆಸಿಬೆಲ್ ಮೀರಿದರೆ ಚಿಂತೆಯಿಲ್ಲ, 6 ಇದ್ದರೆ 1.3 ಕಳೆಯಿರಿ, 3ಕ್ಕಿಂತ ಕಡಿಮೆಯಾದರೆ ಆ ದಿನ ಬಿಟ್ಟುಬಿಡಿ. ತಗಡಿನ ಗೋಡೆಗೆ ಒತ್ತಿಕೊಂಡ ಯಂತ್ರಕ್ಕೆ ಪ್ರತಿಫಲನ ಸೇರಿ ಅಂಕಿ ಏರುತ್ತದೆ. ಹೊರಗೆ ಎಳೆದು ಅಳೆಯುವುದೇ ಸರಿ. ಮೀಟರನ್ನು ಎದೆಗೆ ಹತ್ತಿರ ಹಿಡಿಯದೆ ಸ್ಟ್ಯಾಂಡಿಗೆ ಹಾಕಿ, ಮೈಕಿಗೆ ಸ್ಪಂಜಿನ ಉಂಡೆ ತೊಡಿಸಿ.

ಕೊರತೆಯೂ ಇದೆ. ಅಗ್ಗದ ಮಾದರಿಗಳಲ್ಲಿ ಹೊತ್ತಿನ ಸರಾಸರಿ ತೆಗೆಯುವ ಸೌಲಭ್ಯವಿಲ್ಲ, ಹಾಗಾಗಿ ಲೋಡು ಏರಿಳಿಯುವ ಪಲ್ಪರಿಗೆ ಇವು ಸಾಲವು. ಬ್ಯಾಟರಿ ಇಳಿದರೂ ಅಂಕಿ ಜಾರುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಮೈಕು ಬೇಗ ಕೆಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲೇ ಇಡಿ.