ಕೈಗೆ ರಾಡ್ ಕೊಟ್ಟು ಬಾಡಿ ಚೆಕಪ್ ಮಾಡುವವರ ಹತ್ತಿರ ಹುಷಾರು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ವಯಸ್ಸಾದವರಿದ್ದರೆ ಖಂಡಿತ ಓದಿ.

ಸಮುದಾಯ ಭವನಗಳಲ್ಲಿ "ಉಚಿತ ಬಾಡಿ ಚೆಕಪ್" ಅಂತ ಕ್ಯಾಂಪ್ ಮಾಡ್ತಾ ಇದ್ದಾರೆ. ರಕ್ತ ತೆಗೆಯಲ್ಲ, ಏನೂ ಇಲ್ಲ. ಕೈಗೆ ಒಂದು ಸ್ಟೀಲ್ ರಾಡ್ ಕೊಟ್ಟು ಸ್ವಲ್ಪ ಹೊತ್ತು ಹಿಡ್ಕೊಳ್ಳಿ ಅಂತಾರೆ. ಲ್ಯಾಪ್‌ಟಾಪಿನಲ್ಲಿ ಏನೋ ಗೆರೆ ಓಡುತ್ತೆ. ಆಮೇಲೆ ಒಂದು ಕಟ್ಟು ರಿಪೋರ್ಟ್ ಕೈಗಿಡ್ತಾರೆ. ಲಿವರ್, ಕಿಡ್ನಿ, ಮೂಳೆ, ವಿಟಮಿನ್, ಎಲ್ಲಾ ಆ ರಾಡಿನಲ್ಲೇ ಗೊತ್ತಾಗುತ್ತಂತೆ!

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಕರೆದವರು ಪರಿಚಯದವರೇ. ನಮ್ಮ ಕಡೆ ದಾಕ್ಷಿಣ್ಯ ಹೇಗೆ ಅಂತ ಗೊತ್ತಲ್ವಾ, ಹೋದರು. "ಅಮ್ಮ, ನಿಮ್ಮ ಪ್ಯಾಂಕ್ರಿಯಾಸ್ ಸುಸ್ತಾಗಿದೆ, ಈ ಪೌಡರ್ ಮೂರು ತಿಂಗಳು ತಗೊಳ್ಳಿ, ಮಾತ್ರೆ ನಿಧಾನಕ್ಕೆ ಬಿಡಬಹುದು" ಅಂದನಂತೆ ಕ್ಯಾಂಪಿನವನು. ಪೌಡರ್, ಜ್ಯೂಸ್ ಎಲ್ಲಾ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಅಡಿಕೆ ಮಾರಿದ ದುಡ್ಡು.

ನಾನು ಶಿವಮೊಗ್ಗದಿಂದ ಊರಿಗೆ ಹೋದಾಗ ಆ ರಿಪೋರ್ಟ್ ತಿರುವಿ ಹಾಕಿದೆ. ಒಂದು ಪುಟದಲ್ಲಿ ಹಸಿರು ಬಣ್ಣದಲ್ಲಿ ಬರೆದಿದೆ, "ಗರ್ಭಕೋಶ: ನಾರ್ಮಲ್". ಅಮ್ಮನಿಗೆ ಗರ್ಭಕೋಶ ತೆಗೆಸಿ ಎಷ್ಟೋ ವರ್ಷ ಆಯ್ತು! ಇಲ್ಲದ ಗರ್ಭಕೋಶ ನಾರ್ಮಲ್! ಅಮ್ಮನಿಗೆ ತೋರಿಸಿದೆ. ಮೊದಲು ನಕ್ಕರು. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಒಳಗೆ ಹೋದರು. ನನಗೆ ಮೈಯೆಲ್ಲಾ ಉರಿದು ಹೋಯ್ತು.

ಅವನಿಗೆ ಫೋನ್ ಮಾಡಿ ಕೇಳಿದೆ. "ಅಕ್ಕ, ಅಂಗ ತೆಗೆದ್ರೂ ಅದರ ಎನರ್ಜಿ ಬಾಡಿಯಲ್ಲೇ ಇರುತ್ತೆ, ಮಷಿನ್ ಅದನ್ನೇ ಹಿಡಿಯೋದು." ಎನರ್ಜಿಯಂತೆ! ಒಂಚೂರು ತಡವರಿಸಲಿಲ್ಲ. ಇದೇ ಪ್ರಶ್ನೆ ಎಷ್ಟು ಜನ ಕೇಳಿರಬೇಕು.

ಅಷ್ಟರಲ್ಲಿ ಅಮ್ಮ ಮಾತ್ರೆ ಅರ್ಧ ಮಾಡಿಬಿಟ್ಟಿದ್ದರು. ಯಾರಿಗೂ ಹೇಳಿಲ್ಲ. ಲ್ಯಾಬಿಗೆ ಕರ್ಕೊಂಡು ಹೋದರೆ ಖಾಲಿ ಹೊಟ್ಟೆಯ ಸಕ್ಕರೆಯೇ 280 ದಾಟಿತ್ತು. ಇದನ್ನೂ ಅವನಿಗೆ ಹೇಳಿದೆ. "ಅದು ಹೀಲಿಂಗ್ ಕ್ರೈಸಿಸ್ ಅಕ್ಕ, ಒಳಗಿನ ವಿಷ ಹೊರಗೆ ಬರ್ತಾ ಇದೆ. ಡೋಸ್ ಜಾಸ್ತಿ ಮಾಡಿ." ಸಕ್ಕರೆ ಇಳಿದರೆ ಪೌಡರಿನಿಂದ, ಏರಿದರೂ ಪೌಡರಿನಿಂದಲೇ! ಡಾಕ್ಟರ್ ಬೈದದ್ದು ಯಾರಿಗೆ? ನಮಗೆ. ಅಮ್ಮ ಸೆರಗು ತಿರುಚುತ್ತಾ ಕೂತಿದ್ದರು, ನಾನು ನೆಲ ನೋಡ್ತಾ ಕೂತಿದ್ದೆ.

ದುಡ್ಡು ವಾಪಸ್ ಕೊಡು ಅಂದರೆ ಸೀಲ್ ಒಡೆದಿದೆ ಅಂದ. ಜೋರು ಮಾಡಿದ ಮೇಲೆ ಏನಂದ ಗೊತ್ತಾ? "ನೀವೇ ಒಂದು ಐಡಿ ಮಾಡ್ಕೊಳ್ಳಿ ಅಕ್ಕ, ಕೆಳಗೆ ಇಬ್ಬರನ್ನ ಸೇರಿಸಿ, ನಿಮ್ಮ ದುಡ್ಡು ತಾನಾಗೇ ಬರುತ್ತೆ." ಅಂದರೆ ಅವರ ಚೈನಿಗೆ ಸೇರಿ ನಾನು ಪಕ್ಕದ ಮನೆ ಅಮ್ಮನಿಗೆ ಟೋಪಿ ಹಾಕಬೇಕು!

"ಎಫ್‌ಎಸ್‌ಎಸ್‌ಎಐ ನಂಬರ್ ಇದೆ ನೋಡಿ, ಗೌರ್ಮೆಂಟ್ ಅಪ್ರೂವ್ಡ್" ಅಂತಲೂ ಹೇಳ್ತಾರೆ. ಆ 14 ಅಂಕಿಯ ನಂಬರ್ ಅಂಗಡಿಯ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಮೇಲೂ ಇರುತ್ತೆ. ಅದು ಆಹಾರ ಮಾರೋಕೆ ಇರುವ ಲೈಸೆನ್ಸ್, ಕಾಯಿಲೆ ವಾಸಿ ಆಗುತ್ತೆ ಅನ್ನೋಕೆ ಅಲ್ಲ. ಅದೇ ಪೌಡರ್ ಡಬ್ಬಿ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತಿತ್ತು. ಔಷಧಿ ಅಲ್ಲ ಅಂತ ಅವರೇ ಬರೆದಿದ್ದಾರೆ! ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದನ್ನೇ 1954ರ ಕಾನೂನು ನಿಷೇಧಿಸಿದೆ. ಅದಕ್ಕೇ ಪಾಂಪ್ಲೆಟಿನಲ್ಲಿ ಏನೂ ಬರೆಯಲ್ಲ, ಎಲ್ಲಾ ಬಾಯಿಮಾತಲ್ಲೇ.

ಸಕ್ಕರೆ ನೋಡಬೇಕಾ, ರಕ್ತ ಕೊಡಿ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತೆ. ಡಾಕ್ಟರನ್ನು ಕೇಳದೆ ಮಾತ್ರೆ ಮುಟ್ಟಬೇಡಿ. ಬಿಲ್ ಕೇಳಿ ಇಸ್ಕೊಳ್ಳಿ. ನಮಗೆ ಕೊಟ್ಟಿದ್ದು ಬರೀ ಬಿಳಿ ಚೀಟಿ. ಆದರೂ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮುಂದಿನ ಕ್ಯಾಂಪ್ ಸಾಗರದಲ್ಲಂತೆ. ಆ ಕಡೆಯವರು ಅಮ್ಮ, ಅತ್ತೆ, ಅಜ್ಜಿಗೆ ಇವತ್ತೇ ಹೇಳಿಬಿಡಿ.